ಟೇಲೆಂಡಿಗೆ ಬರೋ ಹೊತ್ತಿಗೆ

ಸಿಂಧನೂರು ಕಡೆಯವರಿಗೆ ‘ಟೇಲೆಂಡ್’ ಅನ್ನೋ ಪದವನ್ನ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಡ್ಯಾಮಿನ ಹತ್ತಿರ ನೀರು ಎಷ್ಟೇ ಜೋರಾಗಿ ಹೊರಟಿರಲಿ, ಕೊನೆಯ ಹೊಲಕ್ಕೆ ಬರೋ ಹೊತ್ತಿಗೆ ಅದರ ಆಟ ಮುಗಿದಿರುತ್ತದೆ. ದಾರಿಯಲ್ಲಿ ಇಂಗಿದ್ದೆಷ್ಟೋ, ಮೇಲಿನವರು ಎತ್ತಿಕೊಂಡಿದ್ದೆಷ್ಟೋ... ವಿದ್ಯುತ್ತಿಗೂ ಇಂಥದ್ದೇ ಒಂದು ಟೇಲೆಂಡ್ ಇದೆ ಅಂತ ನನಗೆ ಮೊದಲು ತೋರಿಸಿದ್ದು ಒಂದು ರಿಮೋಟ್ ಕಾರು. ಅದು ಅರ್ಥ ಆಗೋಕೆ ಮಾತ್ರ ಹದಿನೈದು ವರ್ಷ ಬೇಕಾಯ್ತು, ಒಂದು ಎಂಜಿನಿಯರಿಂಗ್ ಡಿಗ್ರಿ ಬೇರೆ ಖರ್ಚಾಯ್ತು :-)

ಆಗ ನಾನು ಆರನೇ ಕ್ಲಾಸು. ಲಿಂಗಸುಗೂರಿನ ಮಾವ ನನಗೊಂದು ರಿಮೋಟ್ ಕಾರು ತಂದುಕೊಟ್ಟಿದ್ದರು. ಕಾರಿಗೆ ನಾಲ್ಕು ಪೆನ್ಸಿಲ್ ಸೆಲ್ಲು, ರಿಮೋಟಿಗೆ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ. ಅದನ್ನ ಬಗಲಲ್ಲಿಟ್ಟುಕೊಂಡೇ ಮಸ್ಕಿ ಮಲ್ಲಯ್ಯನ ಜಾತ್ರೆಗೆ ಅತ್ತೆ ಮನೆಗೆ ಹೋಗಿದ್ದೆ. ಅತ್ತೆ ಮನೆ ಮುಂದೆ ಬೈಕು ಹತ್ತಿಸೋಕೆ ಅಂತ ಸಿಮೆಂಟಿನ ಇಳಿಜಾರು ಮಾಡಿದ್ದರು. ಹೊಸ ಸೆಲ್ ಹಾಕಿದಾಗ ಕಾರು ಸರ್ರಂತ ಅದನ್ನ ಹತ್ತುತ್ತಿತ್ತು. ಹತ್ತು ನಿಮಿಷ ಆದ ಮೇಲೆ ಸಪಾಟಾದ ಕಡೆ ಓಡ್ತಿತ್ತು, ಏರು ಬಂದ ಕೂಡಲೇ ನಿಂತುಬಿಡ್ತಿತ್ತು. ‘ಸೆಲ್ ಸತ್ತವು’ ಅಂತ ನಾನು ಎಸೆದಿದ್ದನ್ನ ಅತ್ತೆ ಆರಿಸಿ ತಂದು ಗೋಡೆ ಗಡಿಯಾರಕ್ಕೆ ಹಾಕಿದರು. ಆ ಸತ್ತ ಸೆಲ್ಲಲ್ಲಿ ಗಡಿಯಾರ ತಿಂಗಳುಗಟ್ಟಲೆ ನಡೀತು!

ಇದು ನಿಮ್ಮ ಮನೆಯಲ್ಲೂ ಆಗಿರುತ್ತದೆ. ಸೆಲ್ ಸತ್ತಿರಲಿಲ್ಲ ಅಂದಮೇಲೆ ಕಾರು ಯಾಕೆ ನಿಂತಿತು? ಪ್ರತಿ ಸೆಲ್ಲಿನ ಒಳಗೂ ಒಂದು ಅಡ್ಡಗೋಡೆ ಇರುತ್ತದೆ, ಅದನ್ನ ಆಂತರಿಕ ರೋಧ ಅಂತಾರೆ. ಸೆಲ್ ಹಳತಾದಂತೆ ಆ ರೋಧ ಬೆಳೆಯುತ್ತದೆ. ಗಡಿಯಾರ ಕೇಳೋದು ಒಂದು ಹನಿ, ಅಷ್ಟು ಹನಿ ಹೇಗೋ ಬರುತ್ತದೆ. ಕಾರಿನ ಮೋಟರು ಏರಿನಲ್ಲಿ ಕೊಡಗಟ್ಟಲೆ ಕೇಳುತ್ತದೆ. ಅಷ್ಟು ಆಂಪಿಯರ್ ಎಳೆದ ಕೂಡಲೇ ಆರು ವೋಲ್ಟು ಸೆಲ್ಲಿನ ಒಳಗೇ ಮೂರಾಗಿ ಹೋಗುತ್ತದೆ. ಉಳಿದದ್ದು ಬಿಸಿಯಾಗಿ ಸೋರಿ ಹೋಗುತ್ತದೆ.

ಇಲ್ಲಿರೋ ಲೆಕ್ಕ ಒಂದೇ. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ಆಸುಪಾಸಿನಲ್ಲಿ ಅಳೆದು ತೋರಿಸಿದ್ದು. ತಂತಿಯಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಅಂದ್ರೆ ಆಂಪಿಯರಿನ ವರ್ಗವನ್ನ ರೋಧದಿಂದ ಗುಣಿಸಿದಷ್ಟು. ‘ವರ್ಗ’ ಅನ್ನೋ ಪದವನ್ನ ಗಟ್ಟಿಯಾಗಿ ಹಿಡಿದುಕೊಳ್ಳಿ. ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದೇ ಆಂಪಿಯರನ್ನ ಅರ್ಧಕ್ಕೆ ಇಳಿಸಿದರೆ ನಷ್ಟ ಕಾಲುಭಾಗ. ಇನ್ನು ಶಕ್ತಿ ಅಂದ್ರೆ ವೋಲ್ಟು ಗುಣಿಸು ಆಂಪಿಯರ್. ಹಾಗಾಗಿ ಅಷ್ಟೇ ಕೆಲಸವನ್ನ ಕಡಿಮೆ ಆಂಪಿಯರಿನಲ್ಲಿ ಮಾಡಿಸಬೇಕಾದರೆ ವೋಲ್ಟೇಜು ಏರಿಸಬೇಕು.

ಇದನ್ನ ಕಾಲೇಜಲ್ಲಿ ಓದಿ ನೂರಕ್ಕೆ ತೊಂಬತ್ತು ತಗೊಂಡವನು ನಾನು. ಆ ಧೈರ್ಯದಲ್ಲೇ ಕೊನೆಯ ವರ್ಷ ಒಂದು ಟೆಕ್ ಫೆಸ್ಟಿನ ರಿಮೋಟ್ ಕಾರಿನ ಸ್ಪರ್ಧೆಗೆ ಹೋದೆ. ಜಲ್ಲಿ, ಮೆಟ್ಟಿಲು, ಏರು ಎಲ್ಲಾ ಇದ್ದ ದಾರಿ. ನನ್ನ ಕಾರಿನ 540 ಮೋಟರಿಗೆ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕಬೇಕಿತ್ತು. ನಾನು ‘ವೋಲ್ಟೇಜು ಜಾಸ್ತಿ ಅಂದ್ರೆ ನಷ್ಟ ಕಡಿಮೆ’ ಅಂತ 14.8 ವೋಲ್ಟಿನದು ಹಾಕಿದೆ. ಮೂರನೇ ಮೆಟ್ಟಿಲಿಗೆ ಗಾಲಿ ಸಿಕ್ಕಿಕೊಳ್ತು. ನಾನು ರಿಮೋಟು ಬಿಡಲಿಲ್ಲ. ಹೊಗೆ ಬಂತು, ವಾರ್ನಿಷ್ ಸುಟ್ಟ ವಾಸನೆ ಬಂತು. ಅಲ್ಲಿಗೆ ಸ್ಪರ್ಧೆ ಮುಗೀತು.

ಆ ವಾಸನೆ ನನಗೆ ಹೊಸದೇನಲ್ಲ. ನಮ್ಮಪ್ಪನದು ಸಿಂಧನೂರಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ನಾನು ಬೆಳೆದದ್ದೇ ಆ ವಾಸನೆಯಲ್ಲಿ. ರಜೆಗೆ ಊರಿಗೆ ಹೋದಾಗ ಸುಟ್ಟ ಮೋಟರನ್ನ ಅಪ್ಪನ ಮುಂದಿಟ್ಟೆ. ಅಪ್ಪ ಅದರ ಡಬ್ಬಿ ಬಿಚ್ಚಿ ಕಾಯಿಲು ನೋಡಿ ಕೇಳಿದ್ದು ಇಷ್ಟೇ:

“ಓಲ್ಟೇಜು ಡಬಲ್ ಮಾಡಿದಿ. ಸುತ್ತು ಎಷ್ಟು ಮಾಡಿದಿ?”

“ಸುತ್ತು ಇದ್ದಷ್ಟೇ ಐತೆಪ್ಪಾ.”

“ಹಂಗಾದ್ರ ಸುಡದೇ ಏನು ಮಾಡ್ತದ? ಓಲ್ಟೇಜು ಏರಿಸಿದ ಮ್ಯಾಲ ಸುತ್ತೂ ಏರಿಸಬೇಕಪ. ತಂತಿ ಸಣ್ಣದು ಹಾಕಬೇಕು. ಇದಕ್ಕ ಇಂಜಿನಿಯರ್ ಓದಬೇಕೇನು?”

ಅವತ್ತು ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಏಳನೇ ಕ್ಲಾಸು ಓದಿದ ಅಪ್ಪ ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳಲಿಲ್ಲ. ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ವೋಲ್ಟೇಜಿನ ಚರಿತ್ರೆ ಓದೋ ಹುಚ್ಚು ಹತ್ತಿದ ಮೇಲೆ ನಿಧಾನವಾಗಿ ಗೊತ್ತಾಯ್ತು. ಅಪ್ಪನ ಆ ಒಂದು ಮಾತು ನೂರಿಪ್ಪತ್ತು ವರ್ಷದ ಇತಿಹಾಸ.

ರಿಮೋಟಿನಿಂದ ನಡೆಯುವ ವಿದ್ಯುತ್ ಬಂಡಿಯ ಕಥೆ ಶುರುವಾಗೋದು ನೀರಿನ ಮೇಲೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ಚಿಕ್ಕ ದೋಣಿಯನ್ನ ಕೊಳದಲ್ಲಿ ಬಿಟ್ಟು, ತಂತಿಯಿಲ್ಲದೆ ದೂರದಿಂದಲೇ ತಿರುಗಿಸಿ ತೋರಿಸಿದ. ಅದರ ಹೊಟ್ಟೆಯಲ್ಲಿ ಬ್ಯಾಟರಿ, ಮೋಟರು. ಇವತ್ತಿನ ಎಲ್ಲಾ ರಿಮೋಟ್ ಕಾರುಗಳ ಮೂಲಪುರುಷ ಆ ದೋಣಿ. ಅದಕ್ಕೂ ಎರಡು ವರ್ಷ ಮೊದಲು, 1896ರಲ್ಲಿ, ಅದೇ ಟೆಸ್ಲಾನ ಎಸಿ ಪದ್ಧತಿಯಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫಲೋ ಊರಿಗೆ 11 ಸಾವಿರ ವೋಲ್ಟಿನಲ್ಲಿ ಹೋಗಿತ್ತು. ಅದಕ್ಕೂ ಹಿಂದೆ, 1882ರಲ್ಲಿ, ಎಡಿಸನ್ ನ್ಯೂಯಾರ್ಕಿನಲ್ಲಿ 110 ವೋಲ್ಟಿನ ಡಿಸಿ ಕೊಟ್ಟಿದ್ದ. ಅದು ಒಂದೆರಡು ಕಿಲೋಮೀಟರು ದಾಟೋ ಹೊತ್ತಿಗೆ ಸುಸ್ತಾಗಿಬಿಡುತ್ತಿತ್ತು. ಥೇಟ್ ನಮ್ಮ ಟೇಲೆಂಡು!

ಈಗ ನಮ್ಮ ನಾಡಿಗೆ ಬರೋಣ. ಲಿಂಗಸುಗೂರು ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರು ಒಂದು ಮಾತು ಹೇಳ್ತಿದ್ದರು: “ಗಣಿ ಅಂದ್ರ ಚಿನ್ನ ಅಲ್ಲೋ, ನೀರು. ಪಂಪು ನಿಂತ್ರ ಗಣಿ ಮುಳುಗ್ತದ.” ನೀರು ಮೇಲಕ್ಕೆ ಎತ್ತಬೇಕು, ಗಾಳಿ ಕೆಳಕ್ಕೆ ಕಳಿಸಬೇಕು, ಅದಿರು ಕುಟ್ಟಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೋಲಾರದ ಗಣಿಗಳಲ್ಲಿ ಇದೆಲ್ಲಾ ಉಗಿ ಎಂಜಿನ್ನಿನ ಮೇಲೆ ನಡೀತಿತ್ತು. ಅದಕ್ಕೆ ಬೇಕಾದ ಕಲ್ಲಿದ್ದಲು ಬರಬೇಕಿದ್ದುದು ದೂರದಿಂದ, ದುಬಾರಿ ಬೆಲೆಗೆ.

ಆ ಕಡೆ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿದ್ದಳು. ಅಲ್ಲಿ ವಿದ್ಯುತ್ ತೆಗೆದು ಕೋಲಾರಕ್ಕೆ ಕೊಡಬಹುದು ಅಂತ ಯೋಜನೆ ಮಾಡಿದವರು ಮೈಸೂರು ಸಂಸ್ಥಾನದಲ್ಲಿದ್ದ ಎಂಜಿನಿಯರ್ ಜೋಲಿ ದೆ ಲೋಟ್ಬಿನಿಯೆರ್. ಅದನ್ನ ನಂಬಿ ಹಣ ಹಾಕಿಸಿದವರು ದಿವಾನ್ ಶೇಷಾದ್ರಿ ಅಯ್ಯರ್. ಎಲ್ಲಾ ಸರಿ, ನಡುವೆ ಇದ್ದದ್ದು 92 ಮೈಲಿ. ಬಫಲೋ ಲೈನಿಗಿಂತ ಮೂರು ಪಟ್ಟಿಗೂ ಜಾಸ್ತಿ ದೂರ.

ಶಿವನಸಮುದ್ರದ ಜನರೇಟರುಗಳು ಕೊಡುತ್ತಿದ್ದದ್ದು ಎರಡು ಸಾವಿರ ಚಿಲ್ಲರೆ ವೋಲ್ಟು. ಅದನ್ನ ಹಾಗೇ ಕಳಿಸಿದ್ದರೆ ಕೋಲಾರದ ಟೇಲೆಂಡಿಗೆ ಬರೋದು ಬರೀ ಸುದ್ದಿ. ಆದ್ದರಿಂದ ಟ್ರಾನ್ಸ್‌ಫಾರ್ಮರಿನಿಂದ ಅದನ್ನ 30 ಸಾವಿರ ವೋಲ್ಟಿನ ಮಟ್ಟಕ್ಕೆ ಏರಿಸಿದರು. ನೀವೇ ಲೆಕ್ಕ ಹಾಕಿ. 2,200ರಿಂದ 30,000 ಅಂದ್ರೆ ವೋಲ್ಟೇಜು ಹದಿಮೂರೂವರೆ ಪಟ್ಟು. ಅಷ್ಟೇ ಶಕ್ತಿಗೆ ಆಂಪಿಯರ್ ಹದಿಮೂರೂವರೆಯಲ್ಲಿ ಒಂದು ಪಾಲು. ಅದೇ ತಂತಿಯಲ್ಲಿ ನಷ್ಟ ಸುಮಾರು 186ರಲ್ಲಿ ಒಂದು ಪಾಲು! 1902ರ ಜೂನ್ 30ರಂದು ಗಣಿಗಳಿಗೆ ವಿದ್ಯುತ್ ಹರಿಯಿತು. ಪ್ರಪಂಚದಲ್ಲಿ ಆಗ ಇದ್ದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಈ ಲೈನಿನ ಬಗ್ಗೆ ಓದುವಾಗ. ಅವರು ಸುಮ್ಮನೆ ವೋಲ್ಟೇಜು ಏರಿಸಲಿಲ್ಲ. ದಾರಿಯಲ್ಲಷ್ಟೇ ಏರಿಸಿದರು. ಕೋಲಾರ ಮುಟ್ಟಿದ ಮೇಲೆ ಮತ್ತೆ ಇಳಿಸಿ, ಮೋಟರಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟರು. ಏರಿಸೋ ಟ್ರಾನ್ಸ್‌ಫಾರ್ಮರಿನೊಳಗೆ ಇರೋದೇನು? ಒಂದು ಕಡೆ ಕಡಿಮೆ ಸುತ್ತು ದಪ್ಪ ತಂತಿ, ಇನ್ನೊಂದು ಕಡೆ ಜಾಸ್ತಿ ಸುತ್ತು ಸಣ್ಣ ತಂತಿ. ಅಪ್ಪ ಹೇಳಿದ್ದು ಇದನ್ನೇ! ನಾನು ಕೋಲಾರದ ಮೋಟರಿಗೆ ನೇರ 30 ಸಾವಿರ ವೋಲ್ಟು ಕೊಟ್ಟವನ ಹಾಗೆ ಮಾಡಿದ್ದೆ. ಗಾಲಿ ಸಿಕ್ಕಿಕೊಂಡ ಮೋಟರಿನಲ್ಲಿ ಆಂಪಿಯರಿಗೆ ಅಡ್ಡಿಯಾಗಿ ಇರೋದು ಸುತ್ತಿನ ರೋಧ ಒಂದೇ. ವೋಲ್ಟೇಜು ಎರಡು ಪಟ್ಟಾದರೆ ಆಂಪಿಯರೂ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಉಳಿಸೋಕೆ ಹೋಗಿ ಸುಟ್ಟಿದ್ದೆ.

ಇನ್ನು ಆಟದ ಕಾರಿನ ಕಡೆಗೆ. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ 934 ಮಾದರಿಯ ಎಲೆಕ್ಟ್ರಿಕ್ ರೇಡಿಯೋ ಕಾರನ್ನ ತಂದಿತು. ಆಮೇಲೆ ಈ ಹವ್ಯಾಸದ ಲೋಕದಲ್ಲಿ ಬೇರು ಬಿಟ್ಟಿದ್ದು 7.2 ವೋಲ್ಟು. ಆ ಸಂಖ್ಯೆ ಎಲ್ಲಿಂದ ಬಂತು ಅಂದ್ರೆ, ಒಂದು ನಿಕಲ್ ಕ್ಯಾಡ್ಮಿಯಂ ಸೆಲ್ಲಿಗೆ 1.2 ವೋಲ್ಟು, ಅಂಥ ಆರು ಸೆಲ್ಲಿನ ಒಂದು ಕಟ್ಟು. ಇಷ್ಟು ಕಡಿಮೆ ವೋಲ್ಟಿನಲ್ಲಿ ಚಿಲ್ಲರೆ ನಷ್ಟಗಳೂ ದೊಡ್ಡದಾಗಿ ಕಾಣುತ್ತವೆ. ಉದಾಹರಣೆಗೆ ಮೋಟರಿನ ಕಾರ್ಬನ್ ಬ್ರಷ್‌ನಲ್ಲಿ ಒಂದು ವೋಲ್ಟು ಹೋಯ್ತು ಅಂದುಕೊಳ್ಳಿ. 7.2ರಲ್ಲಿ ಅದು ಏಳನೇ ಒಂದು ಭಾಗ. ಅದೇ 48 ವೋಲ್ಟಿನಲ್ಲಿ ನಲವತ್ತೆಂಟನೇ ಒಂದು ಭಾಗ. ಆಗಿನ ಕಾರುಗಳಲ್ಲಿ ವೇಗ ಕಡಿಮೆ ಮಾಡೋ ವಿಧಾನ ಇನ್ನೂ ತಮಾಷೆ. ನಡುವೆ ಒಂದು ರೆಸಿಸ್ಟರ್ ಸೇರಿಸೋದು. ನಿಧಾನ ಹೋಗಬೇಕು ಅಂದ್ರೆ ಬ್ಯಾಟರಿಯ ಶಕ್ತಿಯಲ್ಲಿ ರೆಸಿಸ್ಟರನ್ನ ಕಾಯಿಸಬೇಕು! ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂದ ಮೇಲೆ, ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ವೇಗ ಇಳಿಸೋದು ಸಾಧ್ಯ ಆಯ್ತು, ಆ ದಂಡ ತಪ್ಪಿತು. ಆಮೇಲೆ ಬ್ರಷ್ಷೇ ಇಲ್ಲದ ಮೋಟರು, ಸೆಲ್ಲಿಗೆ 3.7 ವೋಲ್ಟು ಕೊಡೋ ಲಿಥಿಯಂ ಪಾಲಿಮರ್ ಬಂದವು.

ಆಟದ್ದು ಆಯ್ತು, ಜನ ಕೂರೋ ಕಾರು? ಅದರ ಕಥೆ ಬೆಂಗಳೂರಲ್ಲೇ ಇದೆ. 2001ರಲ್ಲಿ ಚೇತನ್ ಮೈನಿ ಅವರ ರೇವಾ ರಸ್ತೆಗೆ ಬಂತು. (ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ ಅದೇ 2001ರಲ್ಲಿ ಅನ್ನೋದು ಕಾಕತಾಳೀಯ.) ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು. 48 ಯಾಕೆ? ಡಿಸಿ 60 ವೋಲ್ಟಿನ ಒಳಗೆ ಇದ್ದರೆ ಮುಟ್ಟಿದವರಿಗೆ ಅಪಾಯ ಕಡಿಮೆ, ಕಂಟ್ರೋಲರಿಗೆ ಅಗ್ಗದ ಟ್ರಾನ್ಸಿಸ್ಟರು ಸಾಕು, ಬ್ಯಾಟರಿ ಸಂಖ್ಯೆಯೂ ಕಡಿಮೆ. ಇದಕ್ಕೆ ಕೊಟ್ಟ ಬೆಲೆ ಆಂಪಿಯರಿನಲ್ಲಿ. ಮೊದಲ ರೇವಾದ ಕಂಟ್ರೋಲರು 400 ಆಂಪಿಯರಿನದು. ನಮ್ಮ ಮನೆಯ ಮೇನ್ ಸ್ವಿಚ್ಚು ಮೂವತ್ತು ನಲವತ್ತು ಆಂಪಿಯರಿನದು ಅಂತ ನೆನಪಿಸಿಕೊಂಡರೆ ಅದೆಷ್ಟು ಅಂತ ಅಂದಾಜಾಗುತ್ತದೆ. ಕೇಬಲ್ಲು, ಜೋಡಣೆ, ಕಂಟ್ರೋಲರು ಎಲ್ಲಾ ಸೇರಿ ಒಂದು ಓಮ್‌ನ ಇನ್ನೂರರಲ್ಲಿ ಒಂದು ಪಾಲು ರೋಧ ಇದೆ ಅಂತ ಇಟ್ಟುಕೊಂಡರೂ, 400 ಆಂಪಿಯರಿಗೆ 800 ವ್ಯಾಟ್ ಬರೀ ಬಿಸಿ. ವೋಲ್ಟೇಜು ಎರಡು ಪಟ್ಟು ಮಾಡಿ ಮೋಟರನ್ನೂ ಅದಕ್ಕೆ ತಕ್ಕಂತೆ ಸುತ್ತಿದ್ದರೆ ಅದು 200 ವ್ಯಾಟ್.

ಮುಂದೆ 2010ರಲ್ಲಿ ಮಹೀಂದ್ರ ರೇವಾದ ದೊಡ್ಡ ಪಾಲು ಕೊಂಡಿತು. 2013ರಲ್ಲಿ ಬಂದ ಇ2ಓ ಲಿಥಿಯಂ ಬ್ಯಾಟರಿಯದ್ದಾದರೂ 48 ವೋಲ್ಟಿನಲ್ಲೇ ಉಳಿದಿತ್ತು. 2016ರ ಇ2ಓ ಪ್ಲಸ್‌ನಲ್ಲಿ ಮಾತ್ರ ಮೇಲಿನ ಮಾಡೆಲ್ಲಿಗೆ 72 ವೋಲ್ಟು ಕೊಟ್ಟರು. ಅಲ್ಲಿಂದೀಚೆಗೆ ಕಾರುಗಳು ಮುನ್ನೂರು ನಾನೂರು ವೋಲ್ಟಿಗೆ ಹಾರಿವೆ. 800 ವೋಲ್ಟಿನ ಮೊದಲ ಕಾರಾಗಿ 2019ರಲ್ಲಿ ಬಂದಿದ್ದೂ ಒಂದು ಪೋರ್ಷೆ, ಟೈಕಾನ್. 2022ರಲ್ಲಿ ಕಿಯಾ ಇವಿ6 ನಮ್ಮ ದೇಶಕ್ಕೂ ಆ ಮಟ್ಟದ ವೋಲ್ಟೇಜನ್ನ ತಂದಿತು.

ಇಷ್ಟೆಲ್ಲಾ ಓದಿಕೊಂಡು ಹೋದ ದೀಪಾವಳಿಗೆ ಊರಿಗೆ ಹೋದೆ. ಚೀಲದಲ್ಲಿ ಒಂದು ಹೊಸ 540 ಮೋಟರು, ನಾಲ್ಕು ಲಿಥಿಯಂ ಸೆಲ್ಲು. “ಅಪ್ಪಾ, ಇದನ್ನ ಡಬಲ್ ಓಲ್ಟೇಜಿಗೆ ಸುತ್ತಿಕೊಡ್ತೀಯೇನು?” ಅಂದೆ. ಅಪ್ಪ ನಕ್ಕರು. ಈಗ ಅವರಿಗೆ ಸಣ್ಣ ತಂತಿ ಸರಿಯಾಗಿ ಕಾಣೋದಿಲ್ಲ. ಹಾಗಾಗಿ ಸುತ್ತಿದ್ದು ನಾನು, ಎಣಿಸಿದ್ದು ಅವರು. ಇದ್ದದ್ದು 27 ಸುತ್ತು, 22 ಗೇಜಿನ ತಂತಿ. ಅಪ್ಪ ಕಾಗದ ಪೆನ್ನು ಮುಟ್ಟದೆ ಹೇಳಿದರು: “ಐವತ್ತನಾಕು ಸುತ್ತು, ಇಪ್ಪತ್ತೈದು ಗೇಜು.” ಆಮೇಲೆ ಕೋಷ್ಟಕ ತೆಗೆದು ನೋಡಿದೆ. 25 ಗೇಜಿನ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 22 ಗೇಜಿನದರ ಸರಿಸುಮಾರು ಅರ್ಧ!

ಅಂಗಡಿ ಮುಂದೆ ಪರೀಕ್ಷೆ ಮಾಡಿದೆವು. ಅವೇ ನಾಲ್ಕು ಸೆಲ್ಲು. ಒಮ್ಮೆ ಎರಡೆರಡು ಜೋಡಿ ಮಾಡಿ 7.4 ವೋಲ್ಟಿಗೆ ಹಳೇ ಸುತ್ತಿನ ಮೋಟರು. ಇನ್ನೊಮ್ಮೆ ನಾಲ್ಕನ್ನೂ ಸಾಲಾಗಿ ಸೇರಿಸಿ 14.8 ವೋಲ್ಟಿಗೆ ಹೊಸ ಸುತ್ತು. ಕಾರು ಅದೇ ವೇಗ, ಅದೇ ಓಟ. ಮೊದಲನೆಯದು ಹದಿನೇಳು ನಿಮಿಷ ಓಡಿತು. ಎರಡನೆಯದು ಹದಿನೆಂಟು ಚಿಲ್ಲರೆ.

ಅಷ್ಟೇನಾ ಅಂತೀರಾ? ಹೌದು, ಅಷ್ಟೇ. ಅದೇ ಇಲ್ಲಿರೋ ಪಾಠ. ಸೆಲ್ಲುಗಳು ಅವೇ, ಒಂದೊಂದು ಸೆಲ್ಲಿಗೆ ಬೀಳೋ ಭಾರವೂ ಅಷ್ಟೇ, ಹಾಗಾಗಿ ಬ್ಯಾಟರಿಯೊಳಗಿನ ನಷ್ಟ ಬದಲಾಗಲಿಲ್ಲ. ಮೋಟರಿನಲ್ಲಿ ತುಂಬಿದ ತಾಮ್ರವೂ ಅಷ್ಟೇ, ಅಲ್ಲಿಯ ಸುತ್ತಿನ ನಷ್ಟವೂ ಬದಲಾಗಲಿಲ್ಲ. ಉಳಿದದ್ದು ನಡುವಿನ ದಾರಿಯಲ್ಲಿ. ವೈರು, ಕನೆಕ್ಟರು, ಕಂಟ್ರೋಲರು, ಬ್ರಷ್ಷು. ಮೊದಲ ಸಲ ಕನೆಕ್ಟರು ಬೆರಳಿಡೋಕೆ ಆಗದಷ್ಟು ಕಾದಿತ್ತು, ಎರಡನೇ ಸಲ ತಣ್ಣಗಿತ್ತು. ಒಂದು ಗೇಣು ದಾರಿಯಲ್ಲಿ ಉಳಿಯೋದು ಒಂದು ನಿಮಿಷ. 92 ಮೈಲಿ ದಾರಿಯಲ್ಲಿ ಉಳಿದದ್ದು ಕೋಲಾರ.

ಹಾಗಾದರೆ ನಮ್ಮ ದಾರಿ? ಶಕ್ತಿನಗರದ ರಾಯಚೂರು ಥರ್ಮಲ್‌ನಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ, ನಮ್ಮ ಜಿಲ್ಲೆಯಲ್ಲೇ. ಲಕ್ಷಗಟ್ಟಲೆ ವೋಲ್ಟಿನಲ್ಲಿ ಅದು ದೂರದ ಊರುಗಳಿಗೆ ಸಲೀಸಾಗಿ ಹೋಗುತ್ತದೆ. ಸೋರೋದು ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. ಹೊಲದ ಟಿಸಿಯಿಂದ 415 ವೋಲ್ಟಿನಲ್ಲಿ ಹೊರಟಿದ್ದು, ಉದ್ದದ ಸಣ್ಣ ತಂತಿಯಲ್ಲಿ ಹತ್ತಾರು ಪಂಪ್‌ಸೆಟ್ ದಾಟಿ ಕೊನೆಯವನಿಗೆ ಬರೋ ಹೊತ್ತಿಗೆ ಮುನ್ನೂರಕ್ಕೆ ಇಳಿದಿರುತ್ತದೆ. ಪಂಪು ಎತ್ತಬೇಕಾದ ನೀರು ಮಾತ್ರ ಅಷ್ಟೇ. ವೋಲ್ಟು ಕಡಿಮೆಯಾದಷ್ಟೂ ಮೋಟರು ಆಂಪಿಯರ್ ಜಾಸ್ತಿ ಎಳೆಯುತ್ತದೆ, ಅದರಿಂದ ಲೈನಿನ ವೋಲ್ಟು ಇನ್ನಷ್ಟು ಬೀಳುತ್ತದೆ, ಸುತ್ತು ಕಾಯುತ್ತದೆ, ಬೆಳಗಿನ ಜಾವಕ್ಕೆ ವಾರ್ನಿಷ್ ವಾಸನೆ. ಇದಕ್ಕೆ ಮದ್ದಿಲ್ಲ ಅಂತಲ್ಲ. 11 ಸಾವಿರ ವೋಲ್ಟಿನ ಲೈನನ್ನೇ ಹೊಲದ ಹತ್ತಿರ ತಂದು, ನಾಲ್ಕೈದು ಪಂಪಿಗೆ ಒಂದರಂತೆ ಸಣ್ಣ ಟಿಸಿ ಕೂರಿಸೋದು. ಅಂದ್ರೆ 1902ರ ಉಪಾಯವನ್ನೇ ಹೊಲದ ಬದುವಿನವರೆಗೂ ತರೋದು. ಎಷ್ಟೋ ರಾಜ್ಯಗಳಲ್ಲಿ ಮಾಡಿದ್ದಾರೆ.

ಆ ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಒಬ್ಬ ರೈತ ಟ್ರ್ಯಾಕ್ಟರಿನಲ್ಲಿ ಸುಟ್ಟ ಮೋಟರು ತಂದ. ಒಂದೇ ಹಂಗಾಮಿನಲ್ಲಿ ಎರಡನೇ ಸಲ. ಅಪ್ಪ ಮೂಸಿ ನೋಡಿ, “ಲೈನಿನ ಕೊನೀಗೆ ಅದೀಯಲ್ಲ?” ಅಂದರು. ಅವನು ಹೌದು ಅಂದ. “ಭತ್ತ ಮಾರಿದ ಮ್ಯಾಲ ಕೊಡು” ಅಂತ ಮೋಟರು ಒಳಗಿಟ್ಟುಕೊಂಡರು.

ಅವನು ಹೋದ ಮೇಲೆ ನಾನು ನನ್ನ ಲೆಕ್ಕ ಎಲ್ಲಾ ಹೇಳಿದೆ. ಜೂಲ್, ಶಿವನಸಮುದ್ರ, ರೇವಾ, ಎಲ್ಲಾ. ಅಪ್ಪ ಪೂರ್ತಿ ಕೇಳಿಸಿಕೊಂಡು ಹೇಳಿದರು:

“ಹೌದು, ನಾವು ಮೋಟ್ರು ಸುತ್ತಿ ಕೊಡ್ತೀವಿ. ದಾರಿ ಸುತ್ತಿ ಕೊಡಾಕ ಆಗಂಗಿಲ್ಲಲ್ಲಪ. ಆ ದಾರಿ ಸುಡೋದರಾಗ ನಿನ್ನ ಫೀಸ್ ಕಟ್ಟೀನಿ.”

ಇದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ನಾಲ್ಕು ವರ್ಷದ ನನ್ನ ಡಿಗ್ರಿಯ ಹಿಂದೆ ಟೇಲೆಂಡಿನ ಅದೆಷ್ಟು ಹೊಲದ ಮೋಟರುಗಳು ಸುಟ್ಟಿದ್ದವೋ. ವೋಲ್ಟೇಜಿನ ಲೆಕ್ಕ ನನಗೆ ಆಟವಾಗಿತ್ತು. ಅದೇ ಲೆಕ್ಕ ತಪ್ಪಿದ್ದಕ್ಕೆ ದುಡ್ಡು ಕಟ್ಟಿದವರು ಬೇರೆ ಇದ್ದರು.

ಸುತ್ತಿದ ಮೋಟರಿನ ಆ ಕಾರು ಈಗ ಮಸ್ಕಿಯಲ್ಲಿದೆ, ಅತ್ತೆಯ ಮೊಮ್ಮಗನ ಹತ್ತಿರ. ಸಿಮೆಂಟಿನ ಏರನ್ನ ನಿಲ್ಲದೆ ಹತ್ತುತ್ತಂತೆ. ‘ಮಾವ, ಇದರಾಗ ಎಷ್ಟು ವೋಲ್ಟ್ ಐತಿ?’ ಅಂತ ಮೊನ್ನೆ ಫೋನಲ್ಲಿ ಕೇಳಿದ. ವೋಲ್ಟಿಗಿಂತ ಮೊದಲು ಸುತ್ತು ಎಷ್ಟು ಅಂತ ಕೇಳು ಅಂದೆ.